ಭೋಜರಾಜರ ಬಜರ್

ನಲ್ಲಿಯಲ್ಲಿ ನೀರು ಬರುತ್ತಿದ್ದರೆ ಆ ಸದ್ದಿನ ಮರೆಯಲ್ಲಿ ಬಾಯಿಬಿಟ್ಟೇ ಹೇಳಿಕೊಳ್ಳಬಹುದಿತ್ತು. ಆದರೆ ಆ ವರ್ಷ ಚೆನ್ನೈನ ನಲ್ಲಿಗಳಿಗೆ ನೀರು ಬಿಡುವ ಅಭ್ಯಾಸವೇ ತಪ್ಪಿಹೋಗಿತ್ತು. ಹಾಗಾಗಿ ಚಿನ್ಮಯಿ ಬಚ್ಚಲಿನ ಬಾಗಿಲು ಹಾಕಿಕೊಂಡು, ಅರ್ಧ ಬಕೆಟ್ ನೀರಿನ ಮುಂದೆ ಕೂತು, ಮನಸ್ಸಿನಲ್ಲೇ ಹೇಳಿಕೊಂಡಳು: ‘ಇವತ್ತು ಅಷ್ಟು ಜನರ ಮುಂದೆ ನನ್ನ ಬಾಯಿ ಬಿಡಿಸಿಬಿಟ್ರೆ ಏನಪ್ಪಾ ಮಾಡ್ಲಿ?’

ಭಯಕ್ಕೆ ಕಾರಣವಿತ್ತು. ಚಿನ್ಮಯಿ ಬಿ.ಎಸ್ಸಿ. ಮುಗಿಸಿದ್ದಳು, ಸಿಕ್ಕಿದ ಪುಸ್ತಕವನ್ನೆಲ್ಲ ಓದಿದ್ದಳು, ಬರೆದು ತುಂಬಿಸಿದ ಹಳೆಯ ಡೈರಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಸ್ಟೂಲು ಬೇಕಾಗುತ್ತಿರಲಿಲ್ಲ. ಆದರೆ ಆಟೋದವನಿಗೆ ‘ಇಲ್ಲೇ ನಿಲ್ಸಿ’ ಎನ್ನುವಷ್ಟರಲ್ಲಿ ಮನೆ ಹಿಂದೆ ಉಳಿದು, ಮುಂದಿನ ಸಿಗ್ನಲ್‌ನಲ್ಲಿ ಇಳಿದು ನಡೆದು ಬರುವ ಜಾತಿ. ಮಾತು ಅವಳ ಹೊಟ್ಟೆಯಿಂದ ಹೊರಟು ಗಂಟಲಿಗೆ ಬರುವುದರೊಳಗೆ ಊರು ದಾಟಿರುತ್ತಿತ್ತು.

ಅಂಥವಳು ಪೆರಂಬೂರು ಕನ್ನಡ ಸಂಘದ ಕ್ವಿಜ್ ತಂಡಕ್ಕೆ ಸೇರಿದ್ದು ಒಂದು ಒಪ್ಪಂದದ ಮೇಲೆ. ತಂಡದ ನಾಯಕಿ, ಇನ್ಶೂರೆನ್ಸ್ ಆಫೀಸಿನ ಉಷಾ ಆಂಟಿ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು. “ಕಿವಿಯಲ್ಲಿ ಹೇಳೋದು ನೀನು, ಮೈಕಲ್ಲಿ ಹೇಳೋದು ನಾನು. ನೀನು ಬಾಯೇ ತೆಗೀಬೇಡ, ಸರಿಯಾ? ಗ್ಯಾರಂಟಿ ಮಾ!”

ಉಷಾ ಆಂಟಿಯ ಗಂಟಲಿಗೆ ಗ್ಯಾರಂಟಿ ಯಾರೂ ಬೇಡುವಂತಿರಲಿಲ್ಲ. ಅವರು ಅಡುಗೆಮನೆಯಿಂದ ‘ಮೀನ್‌ಕಾರಮ್ಮಾ, ಈ ಮನೆಗೆ ಬೇಡಾ’ ಎಂದರೆ ಬೀದಿಯ ಕೊನೆಯ ಮನೆಯವರೂ ಬೇಡವೆಂದುಕೊಳ್ಳುತ್ತಿದ್ದರು.

ರಾಜ್ಯೋತ್ಸವದ ಕ್ವಿಜ್ ಎಂದರೆ ಪೆರಂಬೂರು ಸಂಘಕ್ಕೂ ಕೋಡಂಬಾಕ್ಕಂ ಸಂಘಕ್ಕೂ ನಡೆಯುವ ಕುರುಕ್ಷೇತ್ರ. ಪ್ರತಿ ವರ್ಷ ಶೀಲ್ಡು ಕೋಡಂಬಾಕ್ಕಮ್ಮಿಗೇ ಹೋಗುತ್ತಿತ್ತು. ಪೆರಂಬೂರಿನವರು ಅದಕ್ಕೆಂದು ಗೋಡೆಗೆ ಹೊಡೆದಿಟ್ಟಿದ್ದ ಮೊಳೆಯಲ್ಲಿ ಅಧ್ಯಕ್ಷ ಅಂದಾನಿಯವರ ಛತ್ರಿ ನೇತಾಡುತ್ತಿತ್ತು. ಈ ಸಲ ವಿಮಾನ ಹಾರಿ ನೂರು ವರ್ಷವಾಯಿತೆಂದು ಕ್ವಿಜ್‌ಗೆ ‘ಜಗತ್ತಿನ ಆವಿಷ್ಕಾರಗಳು’ ಎಂಬ ವಿಷಯ ಇಟ್ಟಿದ್ದರು.

ವಿಷಯ ಕೇಳಿದ್ದೇ ತಡ, ಭೋಜರಾಜರ ಮೈಯಲ್ಲಿ ಕರೆಂಟ್ ಹರಿಯಿತು. ಪೆರಂಬೂರಿನ ರೈಲ್ವೆ ಕೋಚ್ ಫ್ಯಾಕ್ಟರಿಯ ಎಲೆಕ್ಟ್ರಿಕಲ್ ವಿಭಾಗದಿಂದ ರಿಟೈರಾದವರು. ಹಿಂದೊಮ್ಮೆ ಅವರು ಓವರ್‌ಹೆಡ್ ಟ್ಯಾಂಕ್ ತುಂಬಿದ ಕೂಡಲೇ ಕೂಗುವ ಯಂತ್ರ ಮಾಡಿ ಫ್ಲ್ಯಾಟಿನ ಮೇಲೆ ಕೂರಿಸಿದ್ದರು. ಒಳ್ಳೆಯ ಯಂತ್ರ. ಆದರೆ ಆಮೇಲೆ ಚೆನ್ನೈನಲ್ಲಿ ಟ್ಯಾಂಕ್ ತುಂಬಿದ್ದೇ ಇಲ್ಲವಾದ್ದರಿಂದ ಅದು ಒಂದು ಸಲವೂ ಕೂಗಲಿಲ್ಲ. “ಏನ್ ಭೋಜರಾಜ್ರೇ, ನಿಮ್ಮ ಯಂತ್ರಕ್ಕೆ ಗಂಟಲು ನೋವಾ?” ಎಂದು ಮೆಟ್ಟಿಲು ಹತ್ತುವವರೆಲ್ಲ ಕೇಳಿಯೇ ಹತ್ತುತ್ತಿದ್ದರು. ಹೆಂಡತಿ ಪ್ರೇಮಮ್ಮನವರು ಅದರ ತಂತಿಯ ಮೇಲೆ ಬಟ್ಟೆ ಒಣಗಿಸಲು ಶುರುಮಾಡಿದ್ದರು.

“ರೈಟ್ ಸಹೋದರರು ಯಾರು? ಸೈಕಲ್ ಅಂಗಡಿಯವರು,” ಎಂದರು ಭೋಜರಾಜರು ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು. “ನಾನು ರೈಲು ಡಬ್ಬಿಗೆ ದೀಪ ಹತ್ತಿಸಿದವನು. ಕ್ವಿಜ್‌ಗೆ ಬಜರ್ ನಾನು ಮಾಡ್ತೀನಿ.”

ಭಾನುವಾರ ಬೆಳಿಗ್ಗೆ ಸಂಘದ ಹಾಲಿಗೆ ಅವರು ಆ ಬಜರನ್ನು ಬಿಳಿ ಟವೆಲಿನಲ್ಲಿ ಸುತ್ತಿ, ಆಸ್ಪತ್ರೆಯಿಂದ ಕೂಸು ತರುವವರಂತೆ ತಂದರು. ಒಂದು ಮರದ ಪೆಟ್ಟಿಗೆ, ಅದರ ಮೇಲೆ ಕೆಂಪು ಬಲ್ಬು ಪೆರಂಬೂರಿಗೆ, ಹಸಿರು ಬಲ್ಬು ಕೋಡಂಬಾಕ್ಕಮ್ಮಿಗೆ. ಎರಡು ಉದ್ದನೆಯ ವೈರುಗಳ ತುದಿಯಲ್ಲಿ ಎರಡು ಸೋಪಿನ ಡಬ್ಬಿ. ಪ್ರತಿ ಡಬ್ಬಿಯಲ್ಲೂ ಒಂದು ಕಾಲಿಂಗ್ ಬೆಲ್ ಗುಂಡಿ. ಪ್ರಶ್ನೆ ಓದಿ ಮುಗಿಸಿ ಕ್ವಿಜ್ ನಡೆಸುವವರು ಪೆಟ್ಟಿಗೆಯ ಕರಿ ಗುಂಡಿ ಒತ್ತಬೇಕು. ಆಮೇಲೆ ಯಾರ ಒತ್ತು ಮೊದಲೋ ಅವರ ಬಲ್ಬು ಹತ್ತಿ ಹಾರ್ನ್ ಕೂಗುತ್ತದೆ. ಹಾರ್ನ್ ಮಾತ್ರ ಕಾರು ಹಿಂದಕ್ಕೆ ಬರುವಾಗ ಹಾಡುತ್ತದಲ್ಲ, ಆ ಹಾರ್ನು. ಪರೀಕ್ಷೆಗೆಂದು ಒಮ್ಮೆ ಒತ್ತಿದಾಗ ಬಾಗಿಲ ಬಳಿ ನಿಂತಿದ್ದವರೆಲ್ಲ ಹಿಂದೆ ತಿರುಗಿ ನೋಡಿ ಪಕ್ಕಕ್ಕೆ ಸರಿದರು.

ಅಷ್ಟರಲ್ಲಿ ಉಷಾ ಆಂಟಿ ಬಂದರು. ಕಣ್ಣು ಕೆಂಪಗಿತ್ತು, ಕೂದಲು ಕೆದರಿತ್ತು. ಚಿನ್ಮಯಿಯ ಎರಡೂ ಕೈ ಹಿಡಿದು ಬಾಯಿ ತೆರೆದರು. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ‘ಪುಸ್ಸ್’ ಎಂದಿತು.

“ಏನಾಯ್ತು ಆಂಟಿ?”

“ಇಂಟರ್ನೆಟ್ಟು,” ಎಂದರು ಅವರು ಬರೀ ಗಾಳಿಯಲ್ಲಿ.

ಮನೆಯ ಇಂಟರ್ನೆಟ್ ಕೆಟ್ಟಿತ್ತಂತೆ. ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗನಿಗೆ ಕೇಳಿಸುತ್ತಿರಲಿಲ್ಲವಂತೆ. ಇವರು ಇನ್ನಷ್ಟು ಕೂಗಿದರು. ಅವನು ‘ಮೋಡೆಂ ಆಫ್ ಮಾಡಿ ಆನ್ ಮಾಡಿ’ ಎಂದ. ಮಾಡಿದರೆ ಫೋನೇ ಕಟ್ಟಾಯಿತು. ಮತ್ತೆ ಮಾಡಿದರೆ ಇನ್ನೊಬ್ಬ ಹುಡುಗ, ಮತ್ತೆ ಮೊದಲಿನಿಂದ ಕಥೆ. ಬೆಳಗಿನಿಂದ ಇಡೀ ರಾಮಾಯಣವನ್ನು ಕೂಗಿ ಹೇಳಿದ ಮೇಲೆ ಕಡೆಯವನು ‘ಮೇಡಂ, ನಿಮ್ಮ ಏರಿಯಾದಲ್ಲಿ ಕೇಬಲ್ ಕಟ್ಟಾಗಿದೆ’ ಎಂದನಂತೆ. ಕೇಬಲ್ಲಿನ ಜೊತೆಗೆ ಗಂಟಲೂ ಹೋಗಿತ್ತು.

“ಪೋಚ್ಚು, ಎಲ್ಲಾ ಹೋಯ್ತು,” ಎಂದು ಉಷಾ ಆಂಟಿ ಕೈಯಾಡಿಸಿದರು.

ಗದಗದ ಕಡೆಯ ಅಂದಾನಿಯವರು, ರೈಲ್ವೆಯಲ್ಲಿ ಗಾರ್ಡ್ ಆಗಿ ಹಸಿರು ಬಾವುಟ ಬೀಸಿಯೇ ಮುದುಕರಾದವರು, ಯಾವುದಕ್ಕೂ ಗಾಡಿ ನಿಲ್ಲಿಸುವವರಲ್ಲ. “ಹಂಗಾರ ನೀನ ಉತ್ರ ಹೇಳವ್ವಾ ಚಿನ್ಮಯಿ. ಅಂಜಬ್ಯಾಡ. ಮಂದಿ ಏನ್ ಹುಲೀನ?”

ಹುಲಿಯಾಗಿದ್ದರೆ ಪರವಾಗಿಲ್ಲ, ಅದು ಪ್ರಶ್ನೆ ಕೇಳುವುದಿಲ್ಲ ಎಂದುಕೊಂಡಳು ಚಿನ್ಮಯಿ. ಮೇಜಿನ ಹಿಂದೆ ಕೂರಿಸಿದ ಮೇಲೆ ಭೋಜರಾಜರು ಅವಳ ಬಲಗೈಗೆ ಸೋಪಿನ ಡಬ್ಬಿ ಕೊಟ್ಟು, ಬೆರಳುಗಳನ್ನು ತಾವೇ ಮಡಿಸಿದರು. “ಗಟ್ಟಿಯಾಗಿ ಹಿಡ್ಕೊ ಪುಟ್ಟಾ. ಏನಾದ್ರೂ ಆಗ್ಲಿ, ಕೈ ಬಿಡಬೇಡ. ಬಿದ್ರೆ ವೈರ್ ಕಿತ್ತುಹೋಗುತ್ತೆ.” ಮೇಜಿಗೆ ನೆಲದವರೆಗೆ ಇಳಿಬಿದ್ದ ಬಟ್ಟೆ ಹಾಸಿದ್ದರು. ಅದರ ಮರೆಯಲ್ಲಿ ಚಿನ್ಮಯಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಮುಳುಗುವವನು ಹಗ್ಗ ಹಿಡಿದಂತೆ ಹಿಡಿದಳು.

ಕ್ವಿಜ್ ನಡೆಸಲು ಬಂದವರು ತಿರುಮಲೇಶ. ಕೋಡಂಬಾಕ್ಕಮ್ಮಿನ ಸ್ಟುಡಿಯೋಗಳಲ್ಲಿ ಖಳನಾಯಕರಿಗೆ ಕಂಠ ಕೊಡುವವರು. ‘ಕಾಫಿ ಸಕ್ಕರೆ ಕಮ್ಮಿ’ ಎಂದರೂ ಯಾರನ್ನೋ ಅಪಹರಿಸುವಂತೆ ಕೇಳಿಸುತ್ತಿತ್ತು. ಅವರು ನಿಯಮಗಳನ್ನು ಹೇಳಲು ಮೈಕ್ ಹಿಡಿದರು. “ಮೊದಲನೇ ನಿಯಮ. ನಾನು ಕರಿ ಗುಂಡಿ ಒತ್ತುವವರೆಗೂ ಯಾರೂ...” ಮೈಕು ‘ಕೀಂ’ ಎಂದು ಕಿರುಚಿತು. ಕಿವಿ ಮುಚ್ಚಿಕೊಂಡ ಜನ ಕಿವಿ ಬಿಡುವಷ್ಟರಲ್ಲಿ ಅವರು, “...ಅಂಥವರು ಸೋತಂತೆಯೇ. ಅರ್ಥವಾಯಿತೆ?” ಎಂದು ಮುಗಿಸಿದ್ದರು. ಎಲ್ಲರೂ ಅರ್ಥವಾಯಿತೆಂದು ತಲೆಯಾಡಿಸಿದರು.

“ಮೊದಲ ಪ್ರಶ್ನೆ! ವಾಲ್ಟರ್ ಹಂಟ್ ಎಂಬ ಅಮೆರಿಕದವನು ಒಂದು ತಂತಿಯ ತುಂಡನ್ನು ಬಗ್ಗಿಸಿ ಮಾಡಿದ, ಇವತ್ತಿಗೂ ಮನೆಮನೆಯಲ್ಲಿರುವ ವಸ್ತು ಯಾವುದು?” ಎಂದು ಗುಡುಗಿ ತಿರುಮಲೇಶ ಕರಿ ಗುಂಡಿ ಒತ್ತಿದರು.

ಹಾರ್ನ್ ಹಾಡಿತು. ಕೆಂಪು ಬಲ್ಬು ಹತ್ತಿತು.

ಕೋಡಂಬಾಕ್ಕಂ ತಂಡದ ಕೃಷ್ಣರಾಜ, ಬ್ಯಾಂಕಿನ ಅಧಿಕಾರಿ, ಹೆಬ್ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ಕಣ್ಣು ಮಿಟುಕಿಸಿದರು. ಅವರಷ್ಟು ಚುರುಕಾಗಿ ಒತ್ತುವವರು ಇಡೀ ಮದ್ರಾಸಿನಲ್ಲಿಲ್ಲ ಎಂಬುದು ಅವರ ನಂಬಿಕೆ.

ಹಾಲೆಲ್ಲ ಚಿನ್ಮಯಿಯ ಕಡೆ ತಿರುಗಿತು. ಉತ್ತರ ಗೊತ್ತಿತ್ತು. ಬಾಯಿ ತೆರೆದಳು. ಮಾತು ಇನ್ನೂ ಹೊಟ್ಟೆಯಲ್ಲೇ ಚಪ್ಪಲಿ ಹುಡುಕುತ್ತಿತ್ತು. ಕಡೆಗೆ ಎಡಗೈ ಎತ್ತಿ, ಹಲ್ಲಿನಿಂದಲೇ ಬಳೆಯಲ್ಲಿದ್ದ ಪಿನ್ನನ್ನು ಬಿಡಿಸಿ ಮೇಲೆ ಹಿಡಿದಳು.

“ಸೇಫ್ಟಿ ಪಿನ್! ಸರಿಯುತ್ತರ!”

ಚಪ್ಪಾಳೆ ಬಿತ್ತು. ಪ್ರೇಮಮ್ಮನವರು ತಮ್ಮ ಬಳೆಯ ಪಿನ್ನುಗಳನ್ನೂ ಎತ್ತಿ ತೋರಿಸಿದರು.

ಎರಡನೆಯ ಪ್ರಶ್ನೆ ಬಂದದ್ದು ತಪ್ಪು ಊರಿಗೆ. “ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟ ನಿಲ್ದಾಣ?” ಎಂದು ರೈಲ್ವೆಯವರೇ ತುಂಬಿರುವ ಪೆರಂಬೂರಿನಲ್ಲಿ ಕೇಳಬಹುದೇ? ಕರಿ ಗುಂಡಿ ಒತ್ತುವ ಮೊದಲೇ ಇಡೀ ಹಾಲು ‘ರಾಯಪುರಂ’ ಎಂದು ಅಬ್ಬರಿಸಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ಅಧ್ಯಕ್ಷರು.

“ಅಬ್ಜೆಕ್ಷನ್!” ಎಂದು ಕೃಷ್ಣರಾಜ ಎದ್ದರು. “ಅಧ್ಯಕ್ಷರೇ ಉತ್ತರ ಹೇಳಿಕೊಡ್ತಿದಾರೆ!”

“ಹೇಳಿಕೊಡ್ಲಿಲ್ರಿ, ಬಾಯಿ ತಪ್ಪಿ ಹೊಂಟತು,” ಎಂದರು ಅಂದಾನಿ. “ನಲವತ್ತು ವರ್ಸ ರೈಲಿನ್ಯಾಗ ಇದ್ದ ಬಾಯಿ, ಬ್ರೇಕ್ ಲಗೂ ಹತ್ತೂದಿಲ್ಲ.”

ಆ ಪ್ರಶ್ನೆ ರದ್ದಾಯಿತು. ಮೂರನೆಯದು ಓದುವಷ್ಟರಲ್ಲಿ ಮೈಕು ಪೂರ್ತಿ ಸತ್ತಿತು. ತಿರುಮಲೇಶರಿಗೆ ಅದೇನೂ ಲೆಕ್ಕಕ್ಕಿಲ್ಲ. “ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊಟ್ಟಮೊದಲು ಹರಿದುಹೋದದ್ದು ಎಲ್ಲಿಗೆ?”

ಕರಿ ಗುಂಡಿ. ಹಾರ್ನ್. ಕೆಂಪು.

ಕೃಷ್ಣರಾಜ ಸೋಪಿನ ಡಬ್ಬಿಯನ್ನು ಅಲುಗಾಡಿಸಿ ಕಿವಿಗೆ ಹಿಡಿದು ನೋಡಿದರು. ಚಿನ್ಮಯಿ ಉಷಾ ಆಂಟಿಯ ಕಿವಿಯಲ್ಲಿ ಉತ್ತರ ಪಿಸುಗುಟ್ಟಿದಳು. ಉಷಾ ಆಂಟಿ ಅದನ್ನು ಎದ್ದು ನಿಂತು ಪುಸುಗುಟ್ಟಿದರು.

“ಏನು? ಬೆಂಗಳೂರೇ? ಮೈಸೂರೇ?” ತಿರುಮಲೇಶ ಕಿವಿಗೆ ಕೈಯಿಟ್ಟರು. “ಸಮಯ ಮುಗಿಯುತ್ತಿದೆ!”

ಅದೇ ಹೊತ್ತಿಗೆ ಹಾಲಿನ ಹಿಂದೆ ಗೂಡ್ಸ್ ಗಾಡಿ ಬಂತು. ಕಿಟಕಿ ಗಾಜು, ಕಾಫಿ ಲೋಟ, ಅಂದಾನಿಯವರ ಹಲ್ಲು ಎಲ್ಲ ನಡುಗಿದವು. ಚಿನ್ಮಯಿಯ ಅಜ್ಜ ಕೋಲಾರದ ಗಣಿಯಲ್ಲಿ ಕೆಲಸ ಮಾಡಿದವರು. ಭೂಮಿಯ ಹೊಟ್ಟೆಯಲ್ಲಿ ಮೊದಲ ದೀಪ ಹತ್ತಿದ ಕಥೆ ಕೇಳಿಯೇ ಅವಳು ಅನ್ನ ಉಂಡಿದ್ದಳು. ಬೇರೆ ಯಾವ ಉತ್ತರ ಬಿಟ್ಟರೂ ಇದನ್ನು ಹೇಗೆ ಬಿಡುವುದು? ಈ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ ಎಂಬ ಧೈರ್ಯದಲ್ಲಿ ಕಣ್ಣು ಮುಚ್ಚಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು.

ಗಾಡಿಯ ಕೊನೆಯ ಡಬ್ಬಿ ಆ ಕ್ಷಣಕ್ಕೇ ದಾಟಿಹೋಯಿತು.

“ಕೋಲಾರದ ಚಿನ್ನದ ಗಣೀ!”

ನಿಶ್ಶಬ್ದದಲ್ಲಿ ಆ ಮಾತು ಗೋಡೆಗೆ ಬಡಿದು ವಾಪಸ್ ಬಂತು. ವೆಂಟಿಲೇಟರಿನಲ್ಲಿದ್ದ ಪಾರಿವಾಳಗಳು ಹಾರಿಹೋದವು. ಚಿನ್ಮಯಿ ಯಾರು ಕೂಗಿದ್ದೆಂದು ತಾನೂ ಸುತ್ತ ನೋಡಿದಳು.

“ಸ...ರಿಯುತ್ತರ,” ಎಂದರು ತಿರುಮಲೇಶ. ಮೊದಲ ಸಲ ಅವರ ದನಿಯಲ್ಲಿ ಖಳನಾಯಕ ಹೆದರಿದ್ದ.

ಆಮೇಲೆ ನಡೆದದ್ದನ್ನು ಪೆರಂಬೂರಿನವರು ಬಹಳ ಕಾಲ ಹೇಳಿಕೊಂಡರು. ಪ್ರಶ್ನೆ ಮುಗಿಯುವುದು, ಹಾರ್ನ್ ಹಾಡುವುದು, ಕೆಂಪು ಹತ್ತುವುದು, ಚಿನ್ಮಯಿ ಹೇಳುವುದು. ವರ್ಲ್ಡ್ ವೈಡ್ ವೆಬ್ ಕಟ್ಟಿದವರು ಯಾರು ಎಂದರೆ “ಟಿಮ್ ಬರ್ನರ್ಸ್ ಲೀ!” ಪಕ್ಕದಲ್ಲಿ ಉಷಾ ಆಂಟಿ, “ಅವನ ನಂಬರ್ ಇದ್ಯಾ? ಸ್ವಲ್ಪ ಮಾತಾಡ್ಬೇಕು,” ಎಂದು ಗಾಳಿ ಬಿಟ್ಟರು. ಗ್ರಹಾಂ ಬೆಲ್ ಟೆಲಿಫೋನಿನಲ್ಲಿ ಮೊದಲು ಆಡಿದ ಮಾತು? “ವಾಟ್ಸನ್, ಇಲ್ಲಿ ಬನ್ನಿ, ನಿಮ್ಮನ್ನ ನೋಡ್ಬೇಕು!” ಅಂದಾನಿಯವರು, “ಬಾಜೂ ಖೋಲ್ಯಾಗಿದ್ದಾಂವಗ ಫೋನ್ ಯಾಕ ಬೇಕಿತ್ತು?” ಎಂದರು. ಚಿನ್ಮಯಿಗೆ ನಗು ಬಂತು. ಜೋರಾಗಿಯೇ ನಕ್ಕಳು. ಉತ್ತರಗಳು ಒಳಗಿನಿಂದ ನೂಕುನುಗ್ಗಲಲ್ಲಿ ಬರುತ್ತಿದ್ದವು, ಹಬ್ಬದ ಹಿಂದಿನ ದಿನದ ಸೆಂಟ್ರಲ್ ಸ್ಟೇಷನ್ನಿನಂತೆ. ಆದರೂ ಬಲಗೈ ಮಾತ್ರ ಮೇಜಿನ ಕೆಳಗೆ ಹಗ್ಗ ಬಿಟ್ಟಿರಲಿಲ್ಲ.

“ಕೊನೆಯ ಪ್ರಶ್ನೆ! ರೈಟ್ ಸಹೋದರರಲ್ಲಿ ಮೊದಲು ಯಶಸ್ವಿಯಾಗಿ ಹಾರಿದವನು ಯಾರು?”

ಕೆಂಪು. “ಆರ್ವಿಲ್!”

ಹಾಲು ಎದ್ದು ನಿಂತಿತು. “ಗೆದ್ದೇವಿ! ನಾವ ಗೆದ್ದೇವಿ!” ಎಂದು ಅಂದಾನಿಯವರು ಹಸಿರು ಶಾಲನ್ನು ಬಾವುಟದಂತೆ ಬೀಸಿದರು. ಪ್ರೇಮಮ್ಮನವರು ಚಿನ್ಮಯಿಯ ದೃಷ್ಟಿ ತೆಗೆದರು. ಕೋಡಂಬಾಕ್ಕಮ್ಮಿನ ಅಂಕ ಸೊನ್ನೆ. ‘ಅದನ್ನೂ ಭಾರತೀಯರೇ ಕಂಡುಹಿಡಿದದ್ದು’ ಎಂದು ಹಿಂದಿನ ಸಾಲಿನಿಂದ ಯಾರೋ ಸಮಾಧಾನ ಹೇಳಿದರು.

ಅಷ್ಟು ಸಾಕಾಯಿತು ಕೃಷ್ಣರಾಜರಿಗೆ. ನೇರವಾಗಿ ಪೆಟ್ಟಿಗೆಯ ಬಳಿಗೆ ಬಂದರು. “ಎಲ್ಲಾರೂ ನೋಡಿ! ಈಗ ಪ್ರಶ್ನೆಯೂ ಇಲ್ಲ, ಏನೂ ಇಲ್ಲ,” ಎಂದು ಕರಿ ಗುಂಡಿ ಒತ್ತಿದರು. ಹಾರ್ನ್ ಹಾಡಿತು, ಕೆಂಪು ಹತ್ತಿತು. ಮತ್ತೆ ಒತ್ತಿದರು. ಮತ್ತೆ ಕೆಂಪು. “ಇದು ಬಜರಾ? ಇದು ಪೆರಂಬೂರಿನ ವೋಟರ್!”

“ಒತ್ತದೆ ಹತ್ತಲ್ಲ ರೀ,” ಎಂದರು ಭೋಜರಾಜರು ಬೆವರು ಒರೆಸಿಕೊಳ್ಳುತ್ತಾ. “ಕರೆಂಟಿಗೆ ಸುಳ್ಳು ಹೇಳೋಕೆ ಬರಲ್ಲ. ಯಾರೋ ಒತ್ತಿ ಹಿಡಿದಿರಬೇಕು.”

“ಹಾಗಿದ್ರೆ ಒಂದನೇ ನಿಯಮ! ಕರಿ ಗುಂಡಿಗೆ ಮೊದಲೇ ಯಾರೂ ಒತ್ತಬಾರದು, ಒತ್ತಿದವರು ಸೋತಂತೆ. ಶೀಲ್ಡ್ ನಮ್ಮದು!”

ಪ್ರೇಮಮ್ಮನವರು ಗಂಡನ ಮೇಲೆ ತಿರುಗಿಬಿದ್ದರು. “ಅಂದ್ರೆ ಚಿನ್ಮಯಿ ಮೋಸ ಮಾಡಿದ್ಲು ಅಂತೀರಾ? ಬಾಯಿಗೆ ಬೆರಳಿಟ್ರೆ ಕಚ್ಚೋಕೆ ಬರದ ಮಗು! ನೋಡಿ, ಮಡಿಲಲ್ಲಿ ಕೈಯಿಟ್ಕೊಂಡು ಹೇಗೆ ಕೂತಿದೆ ಪಾಪ. ನಿಮ್ಮ ಡಬ್ಬ ಕೆಟ್ಟಿದೆ ಅಂತ ಒಪ್ಕೊಳ್ಳಿ!”

“ಕೆಟ್ಟಿಲ್ಲ ಕಣೇ...”

“ಆ ಟ್ಯಾಂಕಿಂದೂ ಕೆಟ್ಟಿಲ್ಲ ಅಂದಿದ್ರಿ!”

ಜನ ನಕ್ಕರು. ಪೆರಂಬೂರಿನವರೇ ಹೆಚ್ಚು ನಕ್ಕರು.

ಅಂದಾನಿಯವರು ರಾಜಿಗೆ ಇಳಿದರು. “ಯಂತ್ರದ್ದು ತಪ್ಪು ಅಂತ ಬರ್‍ಕೊಳ್ರಿ. ಉತ್ರ ಎಲ್ಲಾ ಖರೇ ಅದಾವು. ಶೀಲ್ಡ್ ನಮಗಿರ್ಲಿ.”

ಕೃಷ್ಣರಾಜ ಒಂದು ಕ್ಷಣ ಯೋಚಿಸಿದರು. “ಆಗಲಿ. ಆದ್ರೆ ಕೋಡಂಬಾಕ್ಕಂ ಸೋತದ್ದು ಕೆಟ್ಟ ಯಂತ್ರಕ್ಕೆ, ಆ ಹುಡುಗಿಗಲ್ಲ ಅಂತ ಹೇಳ್ಬೇಕು. ಈ ಡಬ್ಬವನ್ನ ಇನ್ನು ಯಾವ ಸಂಘದ ಮೆಟ್ಟಿಲೂ ಹತ್ತಿಸಬಾರದು.”

“ಆತು, ಆತು!” ಎಲ್ಲರಿಗೂ ಸಮಾಧಾನವಾಯಿತು. ಅಂದಾನಿಯವರು ಶೀಲ್ಡನ್ನು ಎತ್ತಿಕೊಂಡು ಚಿನ್ಮಯಿಯ ಮುಂದೆ ಹಿಡಿದರು. ಕ್ಯಾಮರಾ ಹಿಡಿದವರು, “ಎರಡು ಕೈಯಲ್ಲೂ ತಗೊಳ್ಳಮ್ಮಾ, ಫೋಟೋ,” ಎಂದರು.

ಬಲಗೈ ಏಳಲಿಲ್ಲ. ಬೆರಳುಗಳು ಮರಗಟ್ಟಿ ಡಬ್ಬಿಗೆ ಅಂಟಿಕೊಂಡಿದ್ದವು. ಚಿನ್ಮಯಿ ಮೇಜಿನ ಬಟ್ಟೆ ಸರಿಸಿ ಮಡಿಲು ನೋಡಿದಳು. ಹೆಬ್ಬೆರಳು ಗುಂಡಿಯ ಮೇಲಿತ್ತು. ಮೇಲಿತ್ತೇನು, ಒಳಗಿತ್ತು. ಉಗುರು ಬಿಳಿಚಿಕೊಳ್ಳುವಷ್ಟು ಅದುಮಿತ್ತು. ಮೊದಲ ಪ್ರಶ್ನೆಯಿಂದ ಕೊನೆಯ ಪ್ರಶ್ನೆಯವರೆಗೆ, ಈ ಜಗಳದ ಉದ್ದಕ್ಕೂ, ಒಮ್ಮೆಯೂ ಎತ್ತದೆ.

ಎಡಗೈಯಿಂದ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿದಳು.

ಅಲ್ಲಿ ಕೃಷ್ಣರಾಜ ಕಡೆಯ ಸಲ ಎಲ್ಲರಿಗೂ ತೋರಿಸಲೆಂದು ಕರಿ ಗುಂಡಿ ಒತ್ತಿದರು. ಬಲ್ಬು ಆರಿತು. ಹತ್ತಲಿಲ್ಲ. ಮತ್ತೆ ಒತ್ತಿದರು. ಹತ್ತಲಿಲ್ಲ.

“ಪಾತೀಂಗಳಾ, ನೋಡಿದ್ರಾ! ಈಗ ಹತ್ತಲ್ಲ!” ಎಂದು ಅವರು ಹೊಟ್ಟೆ ಹಿಡಿದು ನಕ್ಕರು. “ಮನಸ್ಸು ಬಂದ್ರೆ ಹತ್ತುತ್ತೆ, ಇಲ್ದಿದ್ರೆ ಇಲ್ಲ! ಭೋಜರಾಜ್ರೇ, ಇದನ್ನ ಗುಜರಿಯವನೂ ತೂಕಕ್ಕೆ ಹಾಕ್ಕೊಳ್ಳಲ್ಲ!”

ಹಾಲೆಲ್ಲ ನಗುತ್ತಿತ್ತು. ಭೋಜರಾಜರು ಬಿಳಿ ಟವೆಲನ್ನು ಕೊಡವಿ, ನಿದ್ದೆ ಹೋದ ಮಗುವಿಗೆ ಹೊದಿಸುವ ಹಾಗೆ ಪೆಟ್ಟಿಗೆಗೆ ಹೊದಿಸಿದರು. ಅಂಚುಗಳನ್ನು ಒಂದೊಂದಾಗಿ ಸರಿಮಾಡಿದರು. ಅವರಿಗೆ ಈ ಹುಡುಗಿಯ ಮೇಲೆ ಕೋಪವಿರಲಿಲ್ಲ. ಅನುಮಾನ ಬಂದಿದ್ದುದು ತಮ್ಮ ಮೇಲೆಯೇ. “ಎಲ್ಲೋ ಲೂಸ್ ಕನೆಕ್ಷನ್ ಇರ್ಬೇಕು,” ಎಂದು ಯಾರಿಗೂ ಅಲ್ಲದೆ ಹೇಳಿಕೊಂಡರು. “ವಯಸ್ಸಾಯ್ತು, ಕೈ ನಡುಗುತ್ತೆ.”

ಸುಮ್ಮನಿದ್ದರೆ ಆಗಿತ್ತು. ಸುಮ್ಮನಿರುವುದರಲ್ಲಿ ಇಡೀ ಪೆರಂಬೂರಿನಲ್ಲಿ ಚಿನ್ಮಯಿಯನ್ನು ಮೀರಿಸುವವರಿರಲಿಲ್ಲ. ಶೀಲ್ಡು ಸಿಗುತ್ತಿತ್ತು, ಫೋಟೋ ಬರುತ್ತಿತ್ತು, ಪಾಪದ ಹುಡುಗಿ ಎಂಬ ಹೆಸರೂ ಉಳಿಯುತ್ತಿತ್ತು.

ಆದರೆ ಇನ್ನೊಂದು ಮಾತೂ ಅವಳನ್ನು ಚುಚ್ಚುತ್ತಿತ್ತು. ‘ಆ ಹುಡುಗಿಗಲ್ಲ’ ಎಂದರಲ್ಲ ಕೃಷ್ಣರಾಜ? ಹಾಗಿದ್ದರೆ ಗೂಡ್ಸ್ ಗಾಡಿಯನ್ನು ಮೀರಿ ಕೂಗಿದ್ದು ಯಾರು?

“ಎರಡು ಮಾತಾಡಮ್ಮಾ, ಥ್ಯಾಂಕ್ಸ್ ಅಂದ್ರೂ ಸಾಕು,” ಎಂದು ತಿರುಮಲೇಶ ಮೈಕ್ ಮುಂದಿಟ್ಟರು. ಹೇಗೂ ಸತ್ತ ಮೈಕು ಎಂದುಕೊಂಡು ಚಿನ್ಮಯಿ ಉಗುಳು ನುಂಗಿದಳು. ಆ ನುಂಗಿದ ಸದ್ದು ಹಾಲಿನ ನಾಲ್ಕು ಸ್ಪೀಕರುಗಳಲ್ಲೂ, ಹೊರಗಿನ ಬೇವಿನ ಮರಕ್ಕೆ ಕಟ್ಟಿದ್ದ ಕಹಳೆಯಲ್ಲೂ ಸ್ಪಷ್ಟವಾಗಿ ಕೇಳಿಸಿತು. ಬೆಳಗಿನಿಂದ ಕೈಕೊಟ್ಟ ಮೈಕು ಈಗಲೇ ಬದುಕಬೇಕೆ?

ಅವಳು ಎದ್ದಳು. ಶೀಲ್ಡನ್ನು ಎರಡೂ ಕೈಯಲ್ಲಿ ಎತ್ತಿ, ಫೋಟೋದವರನ್ನು ದಾಟಿ, ಬಾಯಿ ತೆರೆದು ನಿಂತಿದ್ದ ಅಂದಾನಿಯವರನ್ನು ದಾಟಿ, ಕೋಡಂಬಾಕ್ಕಮ್ಮಿನವರ ಮೇಜಿನ ಮೇಲೆ ಇಟ್ಟಳು. ಕೃಷ್ಣರಾಜರ ನಗು ಅರ್ಧಕ್ಕೆ ನಿಂತಿತು. ಉಷಾ ಆಂಟಿ ಗಂಟಲಿಲ್ಲದೆ ಕಿರುಚಿದರು. ಚಿನ್ಮಯಿ ವಾಪಸ್ ಬಂದು ಭೋಜರಾಜರ ಪಕ್ಕದಲ್ಲಿ ನಿಂತು, ಪೆಟ್ಟಿಗೆಯ ಮೇಲಿನ ಟವೆಲನ್ನು ಸರಿಸಿ, ಮೈಕನ್ನು ಬಾಯಿಯ ಹತ್ತಿರ ತಂದುಕೊಂಡಳು. ಹೊಟ್ಟೆಯಿಂದ ಹೊರಟ ಮಾತು ಈ ಸಲ ಎಲ್ಲಿಯೂ ನಿಲ್ಲಲಿಲ್ಲ.

“ಅಂಕಲ್ ಯಂತ್ರ ಸರಿಯಾಗೇ ಇದೆ. ಗುಂಡಿ ಒತ್ಕೊಂಡು ಕೂತಿದ್ದೂ ನಾನೇ, ಉತ್ತರ ಹೇಳಿದ್ದೂ ನಾನೇ!”